ಎಲ್ಲರ ಕೈಗೂ ಕಾರ್ಡು, ಎಲ್ಲರ ಹತ್ತಿರಕ್ಕೂ ದವಾಖಾನೆ

ಎಲ್ಲ ಜನರಿಗೂ ಸರ್ಕಾರವೇ ಆರೋಗ್ಯ ವಿಮೆ ಒದಗಿಸಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಎಷ್ಟು ಕುಟುಂಬಗಳಿಗೆ ವಿಮೆಯ ಕಾರ್ಡು ಸಿಕ್ಕಿದೆ? ಆ ಕಾರ್ಡಿನ ಮೇಲೆ ಎಷ್ಟು ಲಕ್ಷದವರೆಗೆ ಖರ್ಚು ಸಿಗುತ್ತದೆ? ಈ ಎರಡಕ್ಕೂ ಆಂಧ್ರಪ್ರದೇಶ ಕೊಟ್ಟಿರುವ ಉತ್ತರ ದೇಶದ ಹೆಚ್ಚಿನ ರಾಜ್ಯಗಳ ಉತ್ತರಕ್ಕಿಂತ ಮುಂದಿದೆ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಡೀ ದೇಶದಲ್ಲಿ ಒಬ್ಬ ಸದಸ್ಯರಿಗಾದರೂ ಆರೋಗ್ಯ ವಿಮೆ ಇರುವ ಕುಟುಂಬಗಳು ನೂರಕ್ಕೆ 41 ಮಾತ್ರ. ಆ ಪಟ್ಟಿಯಲ್ಲಿ ರಾಜಸ್ಥಾನದ ಜೊತೆ ಅಗ್ರಸಾಲಿನಲ್ಲಿ ನಿಂತ ರಾಜ್ಯ ಆಂಧ್ರಪ್ರದೇಶ. ಆದ್ದರಿಂದಲೇ ಆದೋನಿ, ಆಲೂರು, ಕೌತಾಳಂ, ಹೊಳಗುಂದ, ಕೋಸಿಗಿ, ಮಂತ್ರಾಲಯ, ಎಮ್ಮಿಗನೂರುಗಳನ್ನೊಳಗೊಂಡ ಪಶ್ಚಿಮ ಕರ್ನೂಲಿನ ಈ ಸೀಮೆ ಸಾರ್ವತ್ರಿಕ ವಿಮೆಯ ನಿಜವಾದ ಪರೀಕ್ಷೆಯ ಕಣ. ಕಾರ್ಡು ಇಲ್ಲಿಗೆ ಬಂದು ವರ್ಷಗಳೇ ಆದವು. ಕಾರ್ಡು ಬಂದ ಮೇಲೂ ಬಗೆಹರಿಯದೆ ಉಳಿದಿರುವುದು ಯಾವುದೋ, ಅದೇ ಈ ಯೋಜನೆಗಳ ಅಸಲು ಸವಾಲು. ವಿಮೆ ಎನ್ನುವುದು ಚಿಕಿತ್ಸೆಗೆ ಹಣ ಕೊಡುತ್ತದೆ. ವೈದ್ಯರನ್ನು, ಹಾಸಿಗೆಯನ್ನು, ದಾರಿಯನ್ನು ತಾನಾಗಿ ಸೃಷ್ಟಿಸುವ ಶಕ್ತಿ ಅದಕ್ಕಿಲ್ಲ. ಈ ಮೂರನ್ನೂ ಜೊತೆಗೇ ಕಟ್ಟದ ಹೊರತು ಸಾರ್ವತ್ರಿಕ ವಿಮೆ ಕಾಗದದ ಮೇಲಷ್ಟೇ ಸಾರ್ವತ್ರಿಕವಾಗಿರುತ್ತದೆ ಎಂಬುದು ಈ ಭಾಷಣದ ವಾದ.

ಯೋಜನೆ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಹೃದಯದ ಶಸ್ತ್ರಚಿಕಿತ್ಸೆಗೋ ಕ್ಯಾನ್ಸರ್ ಚಿಕಿತ್ಸೆಗೋ ದುಡ್ಡಿಲ್ಲದ ಬಡವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು. ದಯೆಯ ಮೇಲೆ ನಡೆಯುತ್ತಿದ್ದ ಆ ಸಹಾಯವನ್ನು ಹಕ್ಕಿನ ರೂಪಕ್ಕೆ ತರಲು ಆಗಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಸರ್ಕಾರ 2007ರ ಏಪ್ರಿಲ್ 1ರಂದು ಅನಂತಪುರ, ಮೆಹಬೂಬನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ರಾಜೀವ್ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. 2008ರ ಜುಲೈ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹರಡಿತು. ಬಿಳಿ ರೇಷನ್ ಕಾರ್ಡು ಇದ್ದರೆ ಸಾಕು, ಒಂದು ಕುಟುಂಬಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ನಗದಿಲ್ಲದ ಚಿಕಿತ್ಸೆ. ಕೂಲಿಕಾರನಿಂದ ಕಂತು ಕಟ್ಟಿಸಿಕೊಳ್ಳದೆ, ಮೊದಲು ಹಣ ಕಟ್ಟಿ ಆಮೇಲೆ ಬಿಲ್ಲು ತೋರಿಸು ಎನ್ನದೆ, ದೊಡ್ಡ ಆಸ್ಪತ್ರೆಯ ಬಾಗಿಲನ್ನು ಬಡವರಿಗೆ ತೆರೆದದ್ದು ಸಣ್ಣ ಕೆಲಸವಲ್ಲ. ಆಮೇಲೆ ಸರ್ಕಾರಗಳು ಬದಲಾದವು, ಯೋಜನೆಗೆ ಎನ್‌ಟಿಆರ್ ಹೆಸರು ಬಂತು, ವೈಎಸ್‌ಆರ್ ಹೆಸರು ಬಂತು, ಮತ್ತೆ ಎನ್‌ಟಿಆರ್ ಹೆಸರು ಬಂತು. ಪ್ರತಿ ಸಲವೂ ವ್ಯಾಪ್ತಿ ಹಿಗ್ಗಿತು. 2019ರ ನಂತರ ವರ್ಷಕ್ಕೆ 5 ಲಕ್ಷದೊಳಗೆ ಆದಾಯವಿರುವ ಕುಟುಂಬಗಳೂ ಒಳಬಂದವು. ಚಿಕಿತ್ಸೆಗಳ ಪಟ್ಟಿ 3,257ಕ್ಕೆ ಏರಿತು. 2023ರ ಡಿಸೆಂಬರ್‌ನಲ್ಲಿ ಮಿತಿ 25 ಲಕ್ಷಕ್ಕೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 1.63 ಕೋಟಿ ಕುಟುಂಬಗಳನ್ನು, ಅಂದರೆ ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಒಳಗೊಳ್ಳುವ ಸಾರ್ವತ್ರಿಕ ಆರೋಗ್ಯ ನೀತಿಗೆ ಒಪ್ಪಿಗೆ ಕೊಟ್ಟಿತು.

ಇಂಥ ಯೋಜನೆಗಳಿಂದ ನಿಜಕ್ಕೂ ಪ್ರಯೋಜನ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನಮ್ಮ ನೆರೆಯ ಕರ್ನಾಟಕದಲ್ಲೇ. ಆರೋಗ್ಯಶ್ರೀಯ ಮಾದರಿಯಲ್ಲಿ 2010ರಲ್ಲಿ ಕರ್ನಾಟಕ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಬಳ್ಳಾರಿ ಜಿಲ್ಲೆ ಸೇರಿದ್ದ ಕಲಬುರ್ಗಿ ವಿಭಾಗದಿಂದ ಆರಂಭಿಸಿ, ಉತ್ತರದ ಜಿಲ್ಲೆಗಳಿಗೆ ಮೊದಲು ಕೊಟ್ಟಿತು. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯಿತು. ಆ ಗೆರೆಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಿಂದ ಚಿಕಿತ್ಸೆ ಸಿಗಬಹುದಾಗಿದ್ದ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇದ್ದ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಕಡೆ ಶೇ. 0.90. ಆಸ್ಪತ್ರೆಗೆ ಸೇರಿದಾಗ ಕೈಯಿಂದ ಹಾಕುವ ಖರ್ಚೂ ಸುಮಾರು ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಹಾಗಾಗಿ ವಿಮೆಯೇ ಬೇಡ ಎನ್ನುವ ವಾದವನ್ನು ಒಪ್ಪಲಾಗದು. ಆದರೆ ಆ ಫಲಿತಾಂಶದ ಹಿಂದೆ ಕಾರ್ಡಿಗಿಂತ ಹೆಚ್ಚಿನದೊಂದು ಇತ್ತು ಎಂಬುದನ್ನು ಮರೆಯಬಾರದು. ಹಳ್ಳಿಗಾಡಿನಲ್ಲಿ ಆರೋಗ್ಯ ಶಿಬಿರಗಳನ್ನು ನಡೆಸಿ, ಕಾಯಿಲೆಯವರನ್ನು ಗುರುತಿಸಿ, ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಯೋಜನೆಯ ಭಾಗವೇ ಆಗಿತ್ತು. ರೋಗಿಯನ್ನು ಮನೆಬಾಗಿಲಿಂದ ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಕೈಹಿಡಿದು ನಡೆಸಿದ್ದರಿಂದ ಆ ಹಣಕ್ಕೆ ಜೀವ ಉಳಿಸುವ ಬಲ ಬಂತು.

ಮೊದಲ ಸವಾಲು ದೂರದ್ದು. ನಮ್ಮ ಸೀಮೆಯ ಭೂಗೋಳವನ್ನು ಗಮನಿಸಿ. ಆದೋನಿ ಒಂದೂವರೆ ಲಕ್ಷಕ್ಕೂ ಮಿಕ್ಕ ಜನರ ಊರು, ಹತ್ತಿ ವ್ಯಾಪಾರಕ್ಕೆ ಹೆಸರಾದ ಮಾರುಕಟ್ಟೆ. ಸುತ್ತಲಿನ ಮಂಡಲಗಳಿಗೆಲ್ಲ ಅದೇ ಪೇಟೆ, ಅದೇ ದವಾಖಾನೆ. ಆದರೆ ಆದೋನಿಯ ಸರ್ಕಾರಿ ಆಸ್ಪತ್ರೆಯ ಕೈ ಮೀರಿದ ರೋಗಿ ಹೋಗಬೇಕಾದದ್ದು ಸುಮಾರು ನೂರು ಕಿಲೋಮೀಟರ್ ದೂರದ ಕರ್ನೂಲಿಗೆ. ಅಲ್ಲಿ 1956ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿಗೆ ಸೇರಿದ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ಇತ್ತ ಬಳ್ಳಾರಿ ಅದಕ್ಕಿಂತ ಹತ್ತಿರ. ಅಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಜನ ವಿಮ್ಸ್ ಎಂದು ಕರೆಯುವುದು ಅದನ್ನೇ. ತುಂಗಭದ್ರೆಯ ಆಚೆ ರಾಯಚೂರಿನಲ್ಲಿ 2007ರಿಂದ ಇನ್ನೊಂದಿದೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯ ಹುಟ್ಟಿದ ದಿನ ಅವು ಕರ್ನೂಲಿನ ಕಡೆಗೆ ಬಂದವು. ಕಚೇರಿ ಬದಲಾಯಿತು, ದೂರ ಬದಲಾಗಲಿಲ್ಲ. ಹೆಣ್ಣು ಕೊಟ್ಟು ತರುವ ಸಂಬಂಧ, ಸಂತೆ, ಮಾತು ಎಲ್ಲ ಗಡಿ ದಾಟಿಯೇ ನಡೆದಿವೆ. ಕಾಯಿಲೆ ಬಂದವರೂ ಹತ್ತಿರದ ದಾರಿಯನ್ನೇ ಹುಡುಕುತ್ತಾರೆ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಈ ಸೀಮೆಯ ಜನ ದೊಡ್ಡ ಚಿಕಿತ್ಸೆಗೆ ನಂಬಿಕೊಂಡಿದ್ದ ಹೈದರಾಬಾದ್ ಕೂಡ ಬೇರೆ ರಾಜ್ಯದ ಊರಾಯಿತು. ಅರವತ್ತು ವರ್ಷಗಳಲ್ಲಿ ಎರಡು ಸಲ, ಇಲ್ಲಿನ ರೋಗಿಯ ದಾರಿಗೆ ಅಡ್ಡವಾಗಿ ರಾಜ್ಯದ ಗೆರೆ ಬಿದ್ದಿತು.

ವಿಮೆಯ ಪರವಾಗಿ ಅರ್ಥಶಾಸ್ತ್ರಜ್ಞರು ಹೇಳುವ ಮಾತೊಂದಿದೆ. ಹಣ ರೋಗಿಯ ಜೊತೆ ಹೋಗಲಿ, ಆಸ್ಪತ್ರೆಗಳು ಆ ಹಣವನ್ನು ಹುಡುಕಿಕೊಂಡು ಬರುತ್ತವೆ, ಪೈಪೋಟಿಯಿಂದ ಗುಣಮಟ್ಟವೂ ಏರುತ್ತದೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಇದು ಸರಿಯೇ. ಆದರೆ 2007ರಿಂದ ಇಲ್ಲಿಯವರೆಗಿನ ಅನುಭವ ಬೇರೆಯೇ ಮಾತು ಹೇಳುತ್ತದೆ. ಯೋಜನೆಯ ಖಾಸಗಿ ಆಸ್ಪತ್ರೆಗಳು ಮೊದಲು ಹೈದರಾಬಾದಿನಲ್ಲಿ ನೆರೆದವು, ಆಮೇಲೆ ವಿಜಯವಾಡ, ಗುಂಟೂರು, ವಿಶಾಖಪಟ್ಟಣ, ತಿರುಪತಿ, ಕರ್ನೂಲುಗಳಂಥ ದೊಡ್ಡ ಊರುಗಳಲ್ಲಿ ಗುಂಪುಗೂಡಿದವು. ಹೃದಯ ತಜ್ಞರೂ ಅರಿವಳಿಕೆ ತಜ್ಞರೂ ಕೋಸಿಗಿಗೋ ಹೊಳಗುಂದಕ್ಕೋ ಬಂದು ನೆಲೆಸಲಿಲ್ಲ. ಆಸ್ಪತ್ರೆ ನಡೆಸುವವರು ಸರ್ಕಾರದ ದರವನ್ನು ಮಾತ್ರ ನೋಡುವುದಿಲ್ಲ. ನಗದು ಕೊಡುವ ರೋಗಿಗಳು ಎಷ್ಟಿದ್ದಾರೆ, ದಾದಿಯರು ಸಿಗುತ್ತಾರೆಯೇ, ವೈದ್ಯರ ಮಕ್ಕಳಿಗೆ ಶಾಲೆ ಇದೆಯೇ ಎಂದೂ ನೋಡುತ್ತಾರೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದು ಲೆಕ್ಕದಲ್ಲಿ ಇರುತ್ತದೆ, ಮೇಲಿನವರ ಹೊಲ ತೋಯ್ದ ಮೇಲೆ ಉಳಿದದ್ದು ಕೊನೆಯವರಿಗೆ. ವಿಮೆಯ ಹಣವೂ ಹಾಗೆಯೇ ಆಸ್ಪತ್ರೆಗಳು ದಟ್ಟವಾಗಿರುವ ಕಡೆ ಇಂಗಿಹೋಗುತ್ತದೆ. ಹಕ್ಕು ಸಮಾನವಾಗಿ ಹಂಚಿದ್ದರೂ ಬಳಕೆ ಸಮಾನವಾಗಿ ಹಂಚಿಕೆಯಾಗುವುದಿಲ್ಲ. ಬಡ ಸೀಮೆಯ ಪಾಲಿನ ಹಣ ಕೂಡ ಕೊನೆಗೆ ಮುಂದುವರಿದ ಸೀಮೆಯ ಆಸ್ಪತ್ರೆಗಳನ್ನೇ ಬೆಳೆಸುತ್ತದೆ.

ಆದ್ದರಿಂದ ಇಲ್ಲಿ ಸರ್ಕಾರಿ ಆಸ್ಪತ್ರೆಯೇ ವಿಮೆಯ ಬೆನ್ನೆಲುಬಾಗಬೇಕು. ಆದರೆ ಅದರ ಸ್ಥಿತಿ ಏನು? 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ತಜ್ಞ ವೈದ್ಯರ ಕೊರತೆ ನೂರಕ್ಕೆ ಸುಮಾರು 80. ನಾಲ್ಕು ಜನ ತಜ್ಞರು ಇರಬೇಕಾದ ಕಡೆ ಒಬ್ಬರು ಸಿಕ್ಕರೆ ಅದೇ ಹೆಚ್ಚು. ಆದೋನಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬರುತ್ತದೆಂದು 2021ರಲ್ಲಿ ಶಂಕುಸ್ಥಾಪನೆಯಾದಾಗ ಈ ಸೀಮೆ ದೊಡ್ಡ ಆಸೆ ಇಟ್ಟುಕೊಂಡಿತು. ಕಾಲೇಜು ಬಂದರೆ ಅದರ ಬೋಧನಾ ಆಸ್ಪತ್ರೆ ಬರುತ್ತದೆ, ತಜ್ಞರು ಊರಿನಲ್ಲೇ ನಿಲ್ಲುತ್ತಾರೆ, ಇಲ್ಲಿ ಕಲಿತ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಇಲ್ಲೇ ಉಳಿಯುತ್ತಾರೆ. 2025ರಲ್ಲಿ ಸರ್ಕಾರ ಆದೋನಿಯೂ ಸೇರಿದಂತೆ ಹತ್ತು ಕಾಲೇಜುಗಳನ್ನು ಖಾಸಗಿಯವರ ಸಹಭಾಗಿತ್ವದಲ್ಲಿ ನಡೆಸಲು ತೀರ್ಮಾನಿಸಿತು. ಬೊಕ್ಕಸದಲ್ಲಿ ಹಣ ಸಾಲದು, ಖಾಸಗಿಯವರು ಬಂದರೆ ಬೇಗ ಮುಗಿಯುತ್ತದೆ ಎಂಬುದು ಸರ್ಕಾರದ ಕಾರಣ. ಬಡವರ ಆಸ್ಪತ್ರೆ ಬೇರೆಯವರ ಕೈಗೆ ಹೋಗುತ್ತದೆ ಎಂಬುದು ವಿರೋಧಿಸುವವರ ಆತಂಕ. ಈ ರಾಜಕೀಯ ವಾದದಲ್ಲಿ ಯಾರ ಪಕ್ಷ ಹಿಡಿದರೂ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯ ಇರಬಾರದು. ಕಟ್ಟಡ ಯಾರದೇ ಆಗಲಿ, ಹೊರರೋಗಿಗೆ ಉಚಿತ ಚೀಟಿ, ಉಚಿತ ಪರೀಕ್ಷೆ, ವಿಮೆಯ ರೋಗಿಗೆ ನಿಗದಿಯಾದ ಹಾಸಿಗೆಗಳು, ಹಗಲು ರಾತ್ರಿ ತುರ್ತು ಚಿಕಿತ್ಸೆ, ಇವು ಒಪ್ಪಂದದಲ್ಲಿ ಬರವಣಿಗೆಯಲ್ಲಿರಬೇಕು ಮತ್ತು ಜನರ ಕಣ್ಣಿಗೆ ಬೀಳುವಂತಿರಬೇಕು. 25 ಲಕ್ಷದ ಮಿತಿ ಇರುವ ಕಾರ್ಡಿಗಿಂತ ಆದೋನಿಯಲ್ಲಿ ಕೆಲಸ ಮಾಡುವ ಒಂದು ಬೋಧನಾ ಆಸ್ಪತ್ರೆ ಈ ಸೀಮೆಯ ಹೆಚ್ಚು ಜೀವಗಳನ್ನು ಉಳಿಸಬಲ್ಲದು.

ಎರಡನೆಯ ಸವಾಲು ಇನ್ನೂ ಆಳದ್ದು. ಈ ವಿಮೆ ರೋಗಿಯನ್ನು ಗುರುತಿಸುವುದು ಆತ ಆಸ್ಪತ್ರೆಯಲ್ಲಿ ದಾಖಲಾದಾಗ. ಬಡವರ ಮನೆಯ ಖರ್ಚು ನಡೆಯುವುದು ಮಾತ್ರ ಅದಕ್ಕೆ ಎಷ್ಟೋ ಮುಂಚಿನಿಂದ. ಕೆಮ್ಮು, ಜ್ವರ, ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆ, ಹೆಂಗಸರ ರಕ್ತಹೀನತೆ, ಇವಕ್ಕೆ ತಿಂಗಳು ತಿಂಗಳು ಮಾತ್ರೆ, ಪರೀಕ್ಷೆ, ಬಸ್ ಚಾರ್ಜು. ಭಾರತದಲ್ಲಿ ಜನ ಕೈಯಿಂದ ಹಾಕುವ ವೈದ್ಯಕೀಯ ಖರ್ಚಿನ ದೊಡ್ಡ ಪಾಲು ಈ ಹೊರರೋಗಿ ಚಿಕಿತ್ಸೆಯದು, ಅದರಲ್ಲೂ ಔಷಧಿಯದು. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನಗಳ ಖರ್ಚನ್ನು ಒಪ್ಪಿಕೊಳ್ಳುತ್ತದೆ. ಉಳಿದ ದಿನಗಳು ರೋಗಿಯ ಹೆಗಲಿಗೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇ. 35.5 ಮಂದಿಗೆ ಏರು ರಕ್ತದೊತ್ತಡ ಇದೆಯೆಂದು ಅಂದಾಜಿಸಿತು. ಆಂಧ್ರದ ಹೆಂಗಸರಲ್ಲಿ ನೂರಕ್ಕೆ 58.8 ಮಂದಿಗೆ ರಕ್ತಹೀನತೆ ಇತ್ತೆಂದು ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಬಿ.ಪಿ. ಮಾತ್ರೆಗೆ ದಿನಕ್ಕೆ ಕೆಲವೇ ರೂಪಾಯಿ. ಅದು ಸಿಗದೆ ಲಕ್ವ ಹೊಡೆದ ಮೇಲೆ, ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಓಡಾಡುವ ಸ್ಥಿತಿ ಬಂದ ಮೇಲೆ, ಸರ್ಕಾರ ಲಕ್ಷಗಟ್ಟಲೆ ಕೊಡಲು ಸಿದ್ಧ. ಕಾಯಿಲೆ ಸಣ್ಣದಿದ್ದಾಗ ಕೈ ಬಿಟ್ಟು, ದೊಡ್ಡದಾದಾಗ ಕೈ ಹಿಡಿಯುವ ಈ ಕ್ರಮ ಬೊಕ್ಕಸಕ್ಕೂ ನಷ್ಟ, ಕುಟುಂಬಕ್ಕೂ ನಷ್ಟ. 2023ರ ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಶುರುವಾದ ಫ್ಯಾಮಿಲಿ ಡಾಕ್ಟರ್ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಿಂಗಳಿಗೆ ಎರಡು ಸಲ ಹಳ್ಳಿಯ ಕ್ಲಿನಿಕ್ಕಿಗೆ ಬರಬೇಕೆಂಬ ನಿಯಮ ಬಂತು. ಅದು ಸರಿಯಾದ ದಿಕ್ಕು. ಯಾವ ಸರ್ಕಾರ ಬಂದರೂ, ಹೆಸರು ಏನೇ ಇಟ್ಟರೂ, ಆ ಭೇಟಿಯನ್ನೂ ಔಷಧಿಯನ್ನೂ ವಿಮೆಯ ಹಕ್ಕಿನೊಳಗೇ ಸೇರಿಸಬೇಕು.

ದಾಖಲಾದವರಿಗೆ ಮಾತ್ರ ಹಣ ಎಂಬ ನಿಯಮಕ್ಕೆ ಇನ್ನೊಂದು ಅಪಾಯವೂ ಅಂಟಿಕೊಂಡಿದೆ. ಶಸ್ತ್ರಚಿಕಿತ್ಸೆಗೆ ಹಣ ಬರುತ್ತದೆ, ಸಲಹೆಗೆ ಬರುವುದಿಲ್ಲ ಎಂದಾದರೆ ಅನಗತ್ಯ ಶಸ್ತ್ರಚಿಕಿತ್ಸೆಗೆ ಆಮಿಷ ಹುಟ್ಟುತ್ತದೆ. 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3.2 ಇದ್ದರೆ ಆಂಧ್ರದಲ್ಲಿ ಶೇ. 8.9 ಇದ್ದರು. ದೇಶದಲ್ಲೇ ಅದು ಅತಿ ಹೆಚ್ಚು. ಅದಕ್ಕೆಲ್ಲ ವಿಮೆಯೊಂದೇ ಕಾರಣ ಎನ್ನಲಾಗದು. ಬಾಲ್ಯವಿವಾಹ, ಚಿಕ್ಕ ವಯಸ್ಸಿಗೇ ಮುಗಿಯುವ ಹೆರಿಗೆಗಳು, ಹೊಲದ ಕೂಲಿ ಕೆಲಸಕ್ಕೆ ತೊಡಕಾಗುವ ಮುಟ್ಟಿನ ತೊಂದರೆ, ಸ್ತ್ರೀರೋಗ ತಜ್ಞರು ಹತ್ತಿರ ಇಲ್ಲದಿರುವುದು, ಎಲ್ಲ ಸೇರಿ ಆ ಸಂಖ್ಯೆಯಾಗಿದೆ. ಆದರೂ ಸಂಶಯಕ್ಕೆ ಎಡೆ ಇದ್ದುದರಿಂದಲೇ ಇಂಥ ಕೆಲವು ಚಿಕಿತ್ಸೆಗಳನ್ನು ಆರೋಗ್ಯಶ್ರೀಯಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಮೀಸಲಿಡಬೇಕಾಯಿತು. ಲೆಕ್ಕಪತ್ರದ ಮೋಸವೂ ಇದೆ. ಆಯುಷ್ಮಾನ್ ಭಾರತ್ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಸುಮಾರು 7.5 ಲಕ್ಷ ಫಲಾನುಭವಿಗಳು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದರು. ಸತ್ತಿದ್ದಾರೆಂದು ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ ಮತ್ತೆ ಚಿಕಿತ್ಸೆಯ ಹಣ ಪಾವತಿಯಾಗಿತ್ತು. ಹಾಗೆಂದು ಪ್ರತಿ ಮೋಸಕ್ಕೂ ಇನ್ನೊಂದು ಕಾಗದ ಕೇಳುವುದು ಪರಿಹಾರವಾಗದು. ಆ ಕಾಗದ ಹೊಂದಿಸಲಾಗದವನು ಬಡವ, ಮೋಸ ಮಾಡುವವನಿಗೆ ಎಲ್ಲ ಕಾಗದವೂ ಸಿಕ್ಕೇ ಸಿಗುತ್ತದೆ. ತಪಾಸಣೆ ಆಸ್ಪತ್ರೆಯ ಮೇಲೆ ಇರಬೇಕು, ರೋಗಿಯ ಮೇಲೆ ಅಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ಶಸ್ತ್ರಚಿಕಿತ್ಸೆ ಲೆಕ್ಕ ಮೀರಿ ನಡೆದಿದೆ ಎಂದು ತಿಂಗಳಿಗೊಮ್ಮೆ ನೋಡುವ ವೈದ್ಯರ ತಂಡ ಸಾವಿರ ಗುರುತಿನ ಚೀಟಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೂರನೆಯದು ಹಣ ಪಾವತಿಯ ಸವಾಲು. 2024 ಮತ್ತು 2025ರಲ್ಲಿ ಆಂಧ್ರದ ಖಾಸಗಿ ನೆಟ್‌ವರ್ಕ್ ಆಸ್ಪತ್ರೆಗಳು ಬಾಕಿ ಬಿಲ್ಲುಗಳಿಗಾಗಿ ಒಂದಕ್ಕಿಂತ ಹೆಚ್ಚು ಸಲ ಉಚಿತ ಸೇವೆ ನಿಲ್ಲಿಸಿದವು. ತಮಗೆ ಬರಬೇಕಾದ ಬಾಕಿ 2,000 ಕೋಟಿ ರೂಪಾಯಿಗೂ ಮಿಕ್ಕಿದೆ ಎಂಬುದು ಆಸ್ಪತ್ರೆಗಳ ಸಂಘದ ದೂರಾಗಿತ್ತು. ಬಾಕಿಯ ಲೆಕ್ಕ ಸರ್ಕಾರದ್ದೋ ಆಸ್ಪತ್ರೆಯದ್ದೋ ಯಾವುದು ಸರಿ ಎಂಬುದು ರೋಗಿಗೆ ಮುಖ್ಯವಲ್ಲ. ಕೌತಾಳಂನಿಂದ ಬಸ್ಸು ಹಿಡಿದು ಕರ್ನೂಲಿಗೆ ಹೋದವರಿಗೆ ಬಾಗಿಲಲ್ಲಿ ಇವತ್ತು ಕಾರ್ಡು ನಡೆಯುವುದಿಲ್ಲ ಎಂಬ ಮಾತು ಕೇಳಿಸಿದರೆ ಆ ದಿನದ ಮಟ್ಟಿಗೆ ಅವರಿಗೆ ವಿಮೆಯೇ ಇಲ್ಲ. ಊರಿನಲ್ಲಿ ಬಡ್ಡಿ ಸಾಲ ಕೊಡುವವರ ಮನೆಯೇ ಗತಿ. 2025ರ ನೀತಿ ಇದಕ್ಕೆ ಮಿಶ್ರ ಪದ್ಧತಿಯೊಂದನ್ನು ಸೂಚಿಸಿದೆ. 2.5 ಲಕ್ಷದವರೆಗೆ ವಿಮಾ ಕಂಪನಿ, ಅದರಿಂದ ಮೇಲೆ 25 ಲಕ್ಷದವರೆಗೆ ಸರ್ಕಾರದ ಟ್ರಸ್ಟ್. ಕಂಪನಿಗೆ ವರ್ಷದ ಕಂತನ್ನು ಮೊದಲೇ ಕಟ್ಟಿದರೆ ಬಾಕಿ ಬೆಳೆಯುವುದಿಲ್ಲ ಎಂಬ ಆಶಯ ಇದರಲ್ಲಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಆರೋಗ್ಯಶ್ರೀ 2007ರಲ್ಲಿ ಶುರುವಾದದ್ದೂ ವಿಮಾ ಕಂಪನಿಯ ಮೂಲಕವೇ. ಆಮೇಲೆ ಅದನ್ನು ಟ್ರಸ್ಟ್ ನೇರವಾಗಿ ನಡೆಸುವಂತೆ ಮಾಡಲಾಯಿತು. ಕಂಪನಿಗೆ ಲಾಭ ಉಳಿಯುವುದು ಕೊಡದೆ ಉಳಿದ ಹಣದಲ್ಲಿ. ಆದ್ದರಿಂದ ತಿರಸ್ಕಾರವಾದ ಪ್ರತಿ ಅರ್ಜಿಯ ಕಾರಣ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರಬೇಕು, ಮೇಲ್ಮನವಿ ಕೇಳಲು ಜಿಲ್ಲೆಯಲ್ಲೇ ಒಬ್ಬ ಅಧಿಕಾರಿ ಇರಬೇಕು. ಆದೋನಿ, ಹೊಳಗುಂದ, ಕೌತಾಳಂಗಳ ಕನ್ನಡ ಮಾತಿನ ಮನೆಗಳಿಗೆ ಒಪ್ಪಿಗೆ ಪತ್ರವೂ ತಿರಸ್ಕಾರದ ಪತ್ರವೂ ಕನ್ನಡದಲ್ಲಿ ಸಿಗುವಂತಾಗಬೇಕು. ಇಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಜಾಗ ಸಿಕ್ಕಿದೆ, ಆಸ್ಪತ್ರೆಯ ಕಾಗದದಲ್ಲಿ ಕನ್ನಡಕ್ಕೆ ಜಾಗ ಸಿಗುವುದು ಅಸಾಧ್ಯವೇನಲ್ಲ.

ನಾಲ್ಕನೆಯ ಸವಾಲು ಗುಳೆ ಮತ್ತು ಗಡಿ. ಮಳೆ ಕೈಕೊಟ್ಟ ವರ್ಷ, ಮುಂಗಾರಿನ ಬೆಳೆ ಮುಗಿದ ಮೇಲೆ, ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆಯ ಹಳ್ಳಿಗಳಿಂದ ಮನೆಗೆ ಮನೆಯೇ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುತ್ತದೆ. ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಹತ್ತಿ ಬಿಡಿಸಲು ತೆಲಂಗಾಣಕ್ಕೆ, ಕಟ್ಟಡದ ಕೆಲಸಕ್ಕೆ ಹೈದರಾಬಾದು, ಬೆಂಗಳೂರುಗಳಿಗೆ. ಮನೆಯ ಕಾರ್ಡು ಊರಿನಲ್ಲಿ, ಮನೆಯವರು ಮೂರು ಊರುಗಳಲ್ಲಿ. ಗುಂಟೂರಿನಲ್ಲಿ ಕಾರ್ಡು ನಡೆಯುತ್ತದೆ, ಬೆಂಗಳೂರಿನಲ್ಲಿ ಎಲ್ಲಿ ಯಾವುದಕ್ಕೆ ನಡೆಯುತ್ತದೆ ಎಂದು ಕೂಲಿಯವರಿಗೆ ಹೇಳುವವರಿಲ್ಲ. ಬಳ್ಳಾರಿ, ರಾಯಚೂರು ಕಡೆಯಿಂದ ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ರೇಷನ್ ಕಾರ್ಡಿನಿಂದ ತೆಗೆಸಿ ಇಲ್ಲಿನ ಕಾರ್ಡಿಗೆ ಸೇರಿಸುವವರೆಗೆ ಆಕೆ ಎರಡೂ ರಾಜ್ಯಗಳ ಲೆಕ್ಕದಲ್ಲಿ ಇಲ್ಲದಂತೆ ಆಗುತ್ತಾಳೆ. ಮೊದಲ ಹೆರಿಗೆ ಬರುವುದೂ ಆ ದಿನಗಳಲ್ಲೇ. 2019ರ ನವೆಂಬರ್ 1ರಿಂದ ಆಂಧ್ರ ಸರ್ಕಾರ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳ 130 ಆಸ್ಪತ್ರೆಗಳಲ್ಲಿ 716 ದೊಡ್ಡ ಚಿಕಿತ್ಸೆಗಳಿಗೆ ಆರೋಗ್ಯಶ್ರೀಯನ್ನು ವಿಸ್ತರಿಸಿತು. ಅದು ಒಳ್ಳೆಯ ತೀರ್ಮಾನ. ಆದರೆ ಅದು ಮಹಾನಗರಗಳ ಕಡೆ ನೋಡಿದ ತೀರ್ಮಾನ. ಹಾವು ಕಚ್ಚಿದವರಿಗೆ, ಕ್ರಿಮಿನಾಶಕ ಮೈಗೇರಿದ ರೈತನಿಗೆ, ಕಷ್ಟದ ಹೆರಿಗೆಗೆ ಬೇಕಾದದ್ದು ಗಡಿಯಾಚೆಯ ಹತ್ತಿರದ ಜಿಲ್ಲಾ ಆಸ್ಪತ್ರೆ. ದರಗಳು ಬೇರೆ, ಹಣ ಯಾರು ಕೊಡಬೇಕು, ನಮ್ಮ ರೋಗಿಗಳಿಗೇ ಹಾಸಿಗೆ ಸಾಲದು ಎಂದು ಅಧಿಕಾರಿಗಳು ಆಕ್ಷೇಪ ಎತ್ತುತ್ತಾರೆ. ಆಕ್ಷೇಪ ನಿಜವಾದದ್ದೇ. ಆದರೆ ತುಂಗಭದ್ರೆಯ ನೀರಿನ ಲೆಕ್ಕವನ್ನು ಎರಡು ಮೂರು ರಾಜ್ಯಗಳು ಒಂದು ಮಂಡಳಿಯಲ್ಲಿ ಕೂತು ಇಷ್ಟು ವರ್ಷ ಬಗೆಹರಿಸುತ್ತಾ ಬಂದಿರುವಾಗ, ಬಳ್ಳಾರಿಯ ಹಾಸಿಗೆಯ ಮೇಲೆ ಮಲಗಿದ ಆಲೂರಿನ ರೋಗಿಯ ಬಿಲ್ಲಿನ ಲೆಕ್ಕ ಬಗೆಹರಿಸಲಾಗದು ಎಂದರೆ ನಂಬುವುದು ಕಷ್ಟ. ಆಂಧ್ರ ಆ ಹಣವನ್ನು ಬಳ್ಳಾರಿ, ರಾಯಚೂರಿನ ಸರ್ಕಾರಿ ಆಸ್ಪತ್ರೆಗಳಿಗೆ ಸಮಯಕ್ಕೆ ಕೊಟ್ಟರೆ ಆ ಆಸ್ಪತ್ರೆಗಳಿಗೂ ಅದು ಬಲವೇ.

ಇಷ್ಟೆಲ್ಲಕ್ಕೆ ಹಣ ಎಲ್ಲಿದೆ ಎಂಬುದು ದೊಡ್ಡ ಆಕ್ಷೇಪ. ನಮ್ಮ ದೇಶದ ಸರ್ಕಾರಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡುವ ಖರ್ಚು 2021-22ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 1.84. 2025ರೊಳಗೆ ಅದು ಶೇ. 2.5 ಆಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು. ಹಣ ಹೆಚ್ಚು ಬೇಕು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇರುವ ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡುತ್ತೇವೆ ಎಂಬುದು ಅಷ್ಟೇ ಮುಖ್ಯ. ಥಾಯ್ಲೆಂಡ್ ಶ್ರೀಮಂತ ದೇಶವಾದ ಮೇಲೆ ಎಲ್ಲರಿಗೂ ಚಿಕಿತ್ಸೆ ಕೊಟ್ಟಿದ್ದಲ್ಲ. 1997ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, 2002ರಲ್ಲಿ ಕಾನೂನು ಮಾಡಿ, ಒಂದು ಭೇಟಿಗೆ 30 ಬಾತ್ ಎಂದು ನಿಗದಿಮಾಡಿ ಇಡೀ ದೇಶವನ್ನು ಒಳಗೊಂಡಿತು. ಅದಕ್ಕೂ ಮೂರು ದಶಕ ಮುಂಚೆ, 1972ರಿಂದಲೇ, ಹೊಸ ವೈದ್ಯರು ಹಳ್ಳಿಗಾಡಿನಲ್ಲಿ ಕೆಲಸ ಮಾಡುವುದನ್ನು ಕಡ್ಡಾಯ ಮಾಡಿ, ಜಿಲ್ಲೆ ಜಿಲ್ಲೆಗೂ ಆಸ್ಪತ್ರೆ ಕಟ್ಟಿತ್ತು. ವಿಮೆ ಬಂದಾಗ ಹಣ ಹೋಗಲು ಹತ್ತಿರದಲ್ಲೇ ಸರ್ಕಾರಿ ಆಸ್ಪತ್ರೆ ಸಿದ್ಧವಿತ್ತು. ಒಂದು ಪ್ರದೇಶದ ಜನಸಂಖ್ಯೆಗೆ ಇಷ್ಟು ಎಂದು ಆ ಆಸ್ಪತ್ರೆಗೆ ಮೊದಲೇ ಹಣ ಕೊಟ್ಟು, ಹೊರರೋಗಿ ಚಿಕಿತ್ಸೆಯನ್ನೂ ಅದರಲ್ಲೇ ಸೇರಿಸಿದರು. ಜನ ಕೈಯಿಂದ ಹಾಕುವ ಖರ್ಚು ಅಲ್ಲಿ 2000ದ ಹೊತ್ತಿಗೆ ಒಟ್ಟು ವೈದ್ಯಕೀಯ ಖರ್ಚಿನ ಮೂರನೇ ಒಂದು ಭಾಗದಷ್ಟಿದ್ದದ್ದು ಈಗ ಹತ್ತನೇ ಒಂದರ ಆಸುಪಾಸಿಗೆ ಇಳಿದಿದೆ. ನಮ್ಮಲ್ಲಿ ಅದು 2013-14ರ ಶೇ. 64ರಿಂದ 2021-22ರಲ್ಲಿ ಶೇ. 39ಕ್ಕೆ ಬಂದಿದೆ. ಇಳಿದಿದೆ ನಿಜ, ಇಳಿಯಬೇಕಾದ ದಾರಿ ಇನ್ನೂ ಉದ್ದವಿದೆ.

ಹಾಗಾದರೆ ವಿಮೆಯನ್ನು ರದ್ದು ಮಾಡಿ ಆ ಹಣವನ್ನೆಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ಹಾಕಬಾರದೇಕೆ ಎಂದು ಕೇಳುವವರೂ ಇದ್ದಾರೆ. ಅವರ ಕಳಕಳಿ ಅರ್ಥವಾಗುವಂಥದ್ದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ಲೆಕ್ಕದಲ್ಲಿ ಹೆರಿಗೆ ಬಿಟ್ಟು ಬೇರೆ ಕಾಯಿಲೆಗೆ ಒಂದು ಸಲ ಆಸ್ಪತ್ರೆ ಸೇರಿದರೆ ಸರ್ಕಾರಿಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚಾಗುತ್ತಿತ್ತು. ಸರ್ಕಾರಿ ಆಸ್ಪತ್ರೆಯೇ ಬಡವರ ಮೊದಲ ವಿಮೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ಇವತ್ತು ಹೃದಯದ ಕವಾಟ ಕೆಟ್ಟ ಮಗುವಿಗೆ, ಕ್ಯಾನ್ಸರ್ ಬಂದ ತಾಯಿಗೆ ನಾಳೆ ಕಟ್ಟಲಿರುವ ಆಸ್ಪತ್ರೆಯ ಭರವಸೆ ಕೊಟ್ಟು ಕಳಿಸಲಾಗದು. ವಿಮೆ ಬೇಕು, ಅದರ ಜೊತೆ ಆಸ್ಪತ್ರೆಯೂ ಬೇಕು. ಸರ್ಕಾರಿ ಆಸ್ಪತ್ರೆ ವಿಮೆಯ ರೋಗಿಗೆ ಚಿಕಿತ್ಸೆ ಕೊಟ್ಟು ಗಳಿಸಿದ ಹಣ ಅದೇ ಆಸ್ಪತ್ರೆಯ ಯಂತ್ರಗಳಿಗೆ, ಔಷಧಿಗೆ, ಸಿಬ್ಬಂದಿಗೆ ಸಿಗುವಂತಾದರೆ ಎರಡೂ ಒಂದನ್ನೊಂದು ಬೆಳೆಸುತ್ತವೆ. ಕೂಲಿಯ ಮನೆಗೆ ಆಸ್ಪತ್ರೆಯ ಬಿಲ್ಲಿಗಿಂತ ಭಾರವಾಗುವುದು ಕೂಲಿ ತಪ್ಪಿದ ದಿನಗಳು ಎಂಬುದನ್ನೂ ಯೋಜನೆ ಮರೆಯಬಾರದು. 2019ರ ಡಿಸೆಂಬರ್‌ನಲ್ಲಿ ಆಂಧ್ರ ಆರಂಭಿಸಿದ ಆರೋಗ್ಯ ಆಸರಾದಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ ಚೇತರಿಕೆಯ ದಿನಗಳಿಗೆ ದಿನಕ್ಕೆ 225 ರೂಪಾಯಿಯಂತೆ, ತಿಂಗಳಿಗೆ 5,000ದವರೆಗೆ ಕೊಡುವ ಏರ್ಪಾಡು ಇತ್ತು. ಆ ವಿಚಾರ ಸಾರ್ವತ್ರಿಕ ವಿಮೆಯ ಒಳಗೇ ಇರಬೇಕು. ವಿಶ್ರಾಂತಿ ಪಡೆಯಲಾಗದೆ ಹೊಲಿಗೆ ಒಣಗುವ ಮುಂಚೆ ಮತ್ತೆ ಹೊಲಕ್ಕೆ ಇಳಿದರೆ ಮಾಡಿದ ಖರ್ಚೂ ನೀರಿಗೆ ಹೋದ ಹಾಗೆ.

ಕೊನೆಗೆ ಒಂದು ಬೇಡಿಕೆ. ಸಾರ್ವತ್ರಿಕ ಆರೋಗ್ಯ ವಿಮೆ ಯಶಸ್ವಿಯಾಯಿತೆಂದು ಹೇಳಲು ಈಗ ಕೊಡುವ ಲೆಕ್ಕ ಕಾರ್ಡುಗಳದು, ಕೋಟಿಗಳದು. ಅದರ ಜಾಗದಲ್ಲಿ ಮಂಡಲವಾರು ನಾಲ್ಕು ಲೆಕ್ಕಗಳನ್ನು ಸರ್ಕಾರ ಪ್ರತಿ ವರ್ಷ ಪ್ರಕಟಿಸಲಿ. ಈ ಮಂಡಲದ ಎಷ್ಟು ಜನ ಯೋಜನೆಯಲ್ಲಿ ಚಿಕಿತ್ಸೆ ಪಡೆದರು, ಅದಕ್ಕಾಗಿ ಅವರು ಎಷ್ಟು ದೂರ ಹೋದರು, ಆದರೂ ಕೈಯಿಂದ ಎಷ್ಟು ಹಣ ಹಾಕಿದರು, ಆಸ್ಪತ್ರೆಗೆ ಸರ್ಕಾರ ಎಷ್ಟು ದಿನಕ್ಕೆ ಹಣ ಕೊಟ್ಟಿತು. ಈ ಲೆಕ್ಕ ಗ್ರಾಮ ಸಚಿವಾಲಯದ ಫಲಕದ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಬರಲಿ. ಹೊಳಗುಂದ ಹಿಂದೆ ಬಿದ್ದಿದೆ, ಕೋಸಿಗಿ ಹಿಂದೆ ಬಿದ್ದಿದೆ ಎಂದು ಅಂಕಿಗಳೇ ಹೇಳಿದಾಗ ವೈದ್ಯರನ್ನು ಎಲ್ಲಿಗೆ ಕಳಿಸಬೇಕು, ಕಟ್ಟಡ ಎಲ್ಲಿ ಏಳಬೇಕು, ಗಡಿಯಾಚೆಯ ಯಾವ ಆಸ್ಪತ್ರೆಯ ಜೊತೆ ಒಪ್ಪಂದ ಆಗಬೇಕು ಎಂಬುದರ ಬಗ್ಗೆ ವಾದಕ್ಕೆ ಜಾಗ ಉಳಿಯುವುದಿಲ್ಲ. ಕೇಳುಗರೇ, ಗ್ರಾಮಸಭೆಯಲ್ಲಿ ರಸ್ತೆ, ನೀರು ಕೇಳುವಂತೆ ಈ ಲೆಕ್ಕವನ್ನೂ ಕೇಳಿ. ಪ್ರತಿ ಚುನಾವಣೆಯಲ್ಲೂ ಮಿತಿ ಎಷ್ಟು ಲಕ್ಷ ಎಂದು ಹೇಳಿ ಮತ ಕೇಳುವವರಿಗೆ, ನಮ್ಮ ಮಂಡಲದಲ್ಲಿ ರಾತ್ರಿ ಹೊತ್ತು ಹೆರಿಗೆ ಮಾಡಿಸುವ ವೈದ್ಯರು ಯಾರಿದ್ದಾರೆ ಎಂದು ಮರುಪ್ರಶ್ನೆ ಹಾಕಿ. ಆ ಪ್ರಶ್ನೆಗೆ ನೇರ ಉತ್ತರ ಕೊಡಬಲ್ಲ ಆಡಳಿತವೇ ಎಲ್ಲರಿಗೂ ಆರೋಗ್ಯ ಎಂಬ ಮಾತನ್ನು ಉಳಿಸಿಕೊಂಡ ಆಡಳಿತ.